50 ಗ್ರಾಂ ಮೆಂತೆ ಕೊಡುವ ಅಂಗಡಿ

ಬೋರ್ಡು ಇಲ್ಲದ ಅಂಗಡಿ ಇದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಒಂದು ಒಳದಾರಿ ಇಳಿಯುತ್ತದೆ, ಅಲ್ಲಿ ಹಂಚಿನ ಮಾಡು, ಎದುರಿಗೆ ಎರಡು ಬೆಂಚು, ಒಳಗೆ ಗೋಣಿಗಳ ಸಾಲು. ಹೆಸರು ಹಾಕಬೇಡಿ ಅಂತ ಅಂಗಡಿಯ ಅಣ್ಣ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ನಮ್ಮ ಕಡೆಯವರಿಗೆ ಹೇಳದೆಯೂ ಗೊತ್ತಾದೀತು. ನಾಲ್ಕು ವರ್ಷದಿಂದ ನಮ್ಮ ಮನೆಯ ಆರು ಜನರ ಊಟ ನಡೆಯುವುದು ಹೆಚ್ಚುಕಡಿಮೆ ಈ ಅಂಗಡಿಯಿಂದ ಮತ್ತು ನಮ್ಮ ಹಿತ್ತಿಲಿನಿಂದ. ಕಡಿಮೆ ಖರ್ಚಿನಲ್ಲಿ ಮನೆ ನಡೆಸುವುದು ಹೇಗೆ ಅಂತ ಕೇಳುವವರಿಗೆ ನಾನು ಹೇಳುವುದು ಇದೊಂದನ್ನೇ, ಇಂಥ ಒಂದು ಅಂಗಡಿ ಹುಡುಕಿಕೊಳ್ಳಿ.

ಇಲ್ಲಿ ಎಲ್ಲವೂ ಅಗ್ಗ ಅಂತ ಅಲ್ಲ. ಸಕ್ಕರೆ, ಸಾಬೂನು, ಚಹಾಪುಡಿಗೆಲ್ಲ ಪೇಟೆಯ ದೊಡ್ಡ ಅಂಗಡಿಯಲ್ಲಿ ಎರಡು ಮೂರು ರೂಪಾಯಿ ಕಡಿಮೆಯೇ ಇದ್ದೀತು. ಆದರೆ ಇಲ್ಲಿ 50 ಗ್ರಾಂ ಮೆಂತೆ ಕೊಡಿ ಅಂದರೆ 50 ಗ್ರಾಂ ತೂಗಿ, ಕಾಗದದಲ್ಲಿ ಕಟ್ಟಿ ಕೊಡುತ್ತಾರೆ. ಸಾಸಿವೆ 100, ಬ್ಯಾಡಗಿ ಮೆಣಸು ಕಾಲು ಕಿಲೋ, ಹುರುಳಿ ಅರ್ಧ ಕಿಲೋ, ಯಾವುದಕ್ಕೂ ಮುಖ ಗಂಟು ಹಾಕುವುದಿಲ್ಲ. ಮೊದಲು ನಾವು ತಿಂಗಳಿಗೊಮ್ಮೆ ಪೇಟೆಯ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಎರಡು ತೆಗೆದುಕೊಂಡರೆ ಒಂದು ಉಚಿತ ಅಂತ ಮೂರು ಪ್ಯಾಕೆಟ್ ಮಸಾಲೆಪುಡಿ ಬರುತ್ತಿತ್ತು. ಮಳೆಗಾಲದಲ್ಲಿ ಅದರಲ್ಲಿ ಒಂದು ಗಟ್ಟಿಯಾಗಿ, ಇನ್ನೊಂದು ಬೂಸ್ಟು ಹಿಡಿದು, ಕೊನೆಗೆ ತೆಂಗಿನ ಬುಡಕ್ಕೆ. ನಮ್ಮ ಕಡೆಯ ಮಳೆ ಗೊತ್ತಲ್ವಾ, ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನ ಭರಣಿಯೂ ನೀರು ಬಿಡುತ್ತದೆ. ಬೇಕಾದಷ್ಟೇ ತಂದು ಮುಗಿಸಿದರೆ ಎಸೆಯುವುದೇ ಇಲ್ಲ, ನಮಗೆ ಉಳಿತಾಯ ಶುರುವಾದದ್ದು ಅಲ್ಲಿಂದ.

ಬಿಡಿಯಾಗಿ ತೂಗಿ ಕೊಡುವುದರಲ್ಲಿ ಇನ್ನೊಂದು ಲಾಭ ಇದೆ, ಎಷ್ಟೋ ಜನರಿಗೆ ಇದು ಗೊತ್ತಿಲ್ಲ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋ ತನಕದ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ ಶೇಕಡಾ 5 ಜಿಎಸ್‌ಟಿ ಬಂತು. ಗೋಣಿಯಿಂದ ತೆಗೆದು ಕಣ್ಣೆದುರಿಗೇ ತೂಗಿ ಕೊಟ್ಟದ್ದಕ್ಕೆ ಅದು ಇಲ್ಲ. ತಿಂಗಳಿಗೆ 30 ಕಿಲೋ ಕುಚ್ಚಲಕ್ಕಿ ಬೇಯಿಸುವ ಮನೆಗೆ ಇದೇನೂ ಸಣ್ಣದಲ್ಲ.

ಹಾಗಂತ ಎಲ್ಲವನ್ನೂ ಇಲ್ಲೇ ತರುವುದಿಲ್ಲ. ತಿಂಗಳು ಹುಟ್ಟಿದ ಕೂಡಲೇ ರೇಷನ್ ಕಾರ್ಡು ಹಿಡಿದು ಕೇರಳ ಸರಕಾರದ ದಿನಸಿ ಅಂಗಡಿ ಮಾವೇಲಿ ಸ್ಟೋರಿಗೆ ಹೋಗುತ್ತೇನೆ. ಅಲ್ಲಿ ಸಬ್ಸಿಡಿ ಇರುವುದು 13 ಸಾಮಾನಿಗೆ. ಅಕ್ಕಿ, ಸಕ್ಕರೆ, ತೊಗರಿ, ಉದ್ದು, ಹೆಸರು, ಕಡಲೆ, ಮೆಣಸು, ಕೊತ್ತಂಬರಿ, ತೆಂಗಿನೆಣ್ಣೆ ಎಲ್ಲ ಅದರಲ್ಲಿ ಬರುತ್ತದೆ. 2016ರಿಂದ ಒಂದೇ ಬೆಲೆ ಇತ್ತು. 2024ರ ಫೆಬ್ರವರಿಯಲ್ಲಿ ಅದನ್ನು ಬದಲಿಸಿ, ಮಾರುಕಟ್ಟೆ ಬೆಲೆಗಿಂತ ಶೇಕಡಾ 35 ಕಡಿಮೆ ಅಂತ ಮಾಡಿದರು. ಮೊದಲಿನಷ್ಟು ಅಗ್ಗ ಇಲ್ಲ ಈಗ, ಆದರೂ ಬೇಳೆ ಕಾಳಿಗೆ ಅದನ್ನು ಬಿಡಬೇಡಿ. ಅಲ್ಲಿ ಸಿಕ್ಕಿದ್ದನ್ನು ತಂದು, ಉಳಿದ ಪಟ್ಟಿ ಹಿಡಿದು ಈ ಅಂಗಡಿಗೆ ಬರುವುದು ನನ್ನ ಕ್ರಮ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಈ ಅಂಗಡಿಗೆ ನಾವು ಖಾಲಿ ಚೀಲ ತೆಗೆದುಕೊಂಡು ಹೋಗುವುದು ಕಡಿಮೆ. ಹಿತ್ತಿಲಿನಲ್ಲಿ ಜಾಸ್ತಿಯಾದದ್ದನ್ನು ಅಣ್ಣ ತೆಗೆದುಕೊಳ್ಳುತ್ತಾರೆ. ಬಸಳೆ, ಹರಿವೆ, ಬಾಳೆಗೊನೆ, ಬಾಳೆದಿಂಡು, ಪೂಂಬೆ (ಬಾಳೆ ಹೂವು), ನುಗ್ಗೆ, ಕೆಸುವಿನ ಎಲೆ, ಬಿಂಬುಳಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಅಲಸಂಡೆ, ಕಾಯಿಪಪ್ಪಾಯಿ. ಅವರ ಹತ್ತಿರ ಒಂದು ಉದ್ದದ ಪುಸ್ತಕ ಇದೆ. ಎಡಗಡೆ ನಾವು ಕೊಟ್ಟದ್ದು, ಬಲಗಡೆ ನಾವು ತಂದದ್ದು. ಎಲ್ಲ ಕನ್ನಡದಲ್ಲಿ, ಪೆನ್ಸಿಲಿನಲ್ಲಿ, ದುಂಡು ಅಕ್ಷರದಲ್ಲಿ. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಕಡೆ ಬಿಲ್ಲು, ಬೋರ್ಡು, ಅರ್ಜಿ ಮಲಯಾಳದಲ್ಲಿ ಬರುತ್ತದೆ, ನನ್ನ ಅತ್ತೆಗೆ ಅದನ್ನು ಓದಲು ಬರುವುದಿಲ್ಲ. ಇಲ್ಲಿ ಅತ್ತೆಯೇ ಕನ್ನಡಕ ಹಾಕಿಕೊಂಡು ಲೆಕ್ಕ ನೋಡುತ್ತಾರೆ, ಎರಡು ಸಲ ತಪ್ಪು ಹಿಡಿದೂ ಇದ್ದಾರೆ. ಅಣ್ಣ ಎರಡು ಸಲವೂ ಆಗಲೇ ಸರಿ ಮಾಡಿದರು.

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಎಡಗಡೆಯ ಲೆಕ್ಕ 840 ರೂಪಾಯಿ ಆಗಿತ್ತು. ನಾವು ಮಾರಲೆಂದು ಬೆಳೆದದ್ದಲ್ಲ ಅದು, ನಾವು ತಿಂದು, ನೆರೆಮನೆಗೆ ಕೊಟ್ಟು ಉಳಿದದ್ದು. ಮೊದಲು ಬಾಳೆಗೊನೆ ಒಟ್ಟಿಗೆ ಹಣ್ಣಾದರೆ ಅರ್ಧ ದನಕ್ಕೇ ಹೋಗುತ್ತಿತ್ತು. ಈಗ ಎರಡು ಪಾಡ (ಚಿಪ್ಪು) ನಾವು ಇಟ್ಟುಕೊಳ್ಳುತ್ತೇವೆ, ಉಳಿದದ್ದು ಕಾಯಿ ಇರುವಾಗಲೇ ಅಂಗಡಿಗೆ ಹೋಗಿ ಎಣ್ಣೆಯೋ ಬೆಲ್ಲವೋ ಆಗಿ ಮನೆಗೆ ಬರುತ್ತದೆ.

ತರಕಾರಿ ತೆಗೆದುಕೊಳ್ಳುವ ಮೊದಲು ಅಣ್ಣ ಎಲ್ಲರನ್ನೂ ಕೇಳುವ ಮಾತು ಒಂದಿದೆ.

"ಅಕ್ಕ, ಮದ್ದು ಬಿಟ್ಟದ್ದು ಅಲ್ಲ ಅಲ್ವಾ?"

ಮದ್ದು ಅಂದರೆ ಕೀಟನಾಶಕ, ಅದು ಬಿಟ್ಟದ್ದಾದರೆ ತೆಗೆದುಕೊಳ್ಳುವುದಿಲ್ಲ. ಹೊರಗಿನವರಿಗೆ ಇದು ಸುಮ್ನೆ ಒಂದು ಪ್ರಶ್ನೆ ಅನ್ನಿಸಬಹುದು. ನಮ್ಮ ಪಕ್ಕದ ಎಣ್ಮಕಜೆಯಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಒಂದೆರಡು ವರ್ಷ ಅಲ್ಲ, ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಇವತ್ತಿಗೂ ಆ ತೋಟಗಳ ಸುತ್ತಲಿನ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳಿದ್ದಾರೆ, ಅವರನ್ನು ನೋಡಿಕೊಂಡೇ ಮುದುಕರಾದ ತಾಯಂದಿರಿದ್ದಾರೆ. ಹಾಗಾಗಿ ನಮ್ಮಲ್ಲಿ ಆ ಪ್ರಶ್ನೆಗೆ ತೂಕ ಇದೆ. ನಾನು ಅಲಸಂಡೆಗೆ ಹೇನು ಬಂದರೆ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಒಲೆಯ ಬೂದಿ ಎರಚುತ್ತೇನೆ. ಬುಡಕ್ಕೆ ಸುಡುಮಣ್ಣು ಮತ್ತು ನಮ್ಮ ಕಾಸರಗೋಡು ಗಿಡ್ಡ ದನದ ಸೆಗಣಿ. ಆ ದನ ದಿನಕ್ಕೆ ಒಂದೂವರೆ ಲೀಟರ್ ಹಾಲು ಕೊಟ್ಟರೆ ಹೆಚ್ಚು, ಆದರೆ ಹಿಂಡಿಗೆ ದುಡ್ಡು ಸುರಿಯಬೇಕಾಗಿಲ್ಲ, ಗುಡ್ಡದಲ್ಲಿ ಮೇಯ್ದುಕೊಂಡು ಬರುತ್ತದೆ. ನೀರಿಗೆ ಮಾವ ಹರೆಯದಲ್ಲಿ ಗುಡ್ಡದೊಳಗೆ ಅಡ್ಡಕ್ಕೆ ತೋಡಿಸಿದ ಸುರಂಗ ಇದೆ, ಮಾರ್ಚ್ ತನಕ ಸಣ್ಣಗೆ ಹರಿಯುತ್ತದೆ. ಮೋಟರಿನ ಕರೆಂಟು ಬಿಲ್ಲು ಅಷ್ಟು ದಿನ ಉಳಿಯಿತು.

ಬೀಜವೂ ಇಲ್ಲೇ ಸಿಗುತ್ತದೆ, ಪ್ಯಾಕೆಟ್ ಅಲ್ಲ. ಊರವರು ಬಲಿಸಿ ಒಣಗಿಸಿದ ಬೆಂಡೆ, ಹೀರೆ, ಊರ ಸೌತೆ, ಕೆಂಪು ಹರಿವೆ. ಒಂದು ಮುಷ್ಟಿ ತೆಗೆದುಕೊಂಡು ಹೋದರೆ ಬರುವ ವರ್ಷ ಒಂದು ಮುಷ್ಟಿ ವಾಪಸು ಕೊಡಬೇಕು, ದುಡ್ಡಿಲ್ಲ. ಮೊದಲ ಮಳೆಗೆ ಹಾಕಿದ ಬೆಂಡೆ ಆಗಸ್ಟಿನಲ್ಲಿ ನಮ್ಮ ಕೈ ಬಿಡುವುದೇ ಇಲ್ಲ. ಮಳೆ ಜೋರಾದ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಮಾತ್ರ ಬೆಂಡೆ ಬಿಟ್ಟರೆ ಹಿತ್ತಿಲು ಖಾಲಿ, ಹರಿವೆ ಕೊಳೆಯುತ್ತದೆ. ಆಗ ಬೇಸಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ ಮತ್ತು ಕೆಮ್ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜವನ್ನು ತೆಗೆಯುತ್ತೇವೆ. ಬಾಳೆಬಳ್ಳಿಯಲ್ಲಿ ಕಟ್ಟಿ ಮಾಡಿನಡಿಗೆ ನೇಲಿಸಿದ ಸೌತೆಕಾಯಿ ಅಂತೂ ಇದ್ದೇ ಇದೆ. ಮಧ್ಯಾಹ್ನ ಸೌತೆಯ ಕೊದ್ದೆಲು (ತೆಂಗಿನಕಾಯಿ ಅರೆದು ಮಾಡುವ ಸಾಂಬಾರು), ರಾತ್ರಿ ಗಂಜಿ, ಒಂದೆಲಗದ ತಂಬುಳಿ, ಹಪ್ಪಳ. ಆ ತಿಂಗಳು ತರಕಾರಿಗೆ ಅಂತ ನಾನು 200 ರೂಪಾಯಿಗಿಂತ ಜಾಸ್ತಿ ಕೊಟ್ಟ ನೆನಪಿಲ್ಲ.

ಎಣ್ಣೆಯ ವಿಷಯ ಹೇಳಲೇಬೇಕು. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಕಿಲೋಗೆ 400 ದಾಟಿದಾಗ ಎಲ್ಲರ ಮನೆಯಲ್ಲೂ ಒಗ್ಗರಣೆ ಸಣ್ಣದಾಯಿತು. ಅಣ್ಣ ಆಗ ಒಂದು ವ್ಯವಸ್ಥೆ ಮಾಡಿದರು. ನಾವು ಒಣಕೊಬ್ಬರಿ ಕೊಟ್ಟರೆ ಎಲ್ಲರದ್ದನ್ನೂ ಜೀಪಿನಲ್ಲಿ ಒಟ್ಟಿಗೆ ಮಿಲ್ಲಿಗೆ ಕಳುಹಿಸಿ ಎಣ್ಣೆ ತರಿಸುವುದು, ಅರೆದ ಕೂಲಿ ಮತ್ತು ಬಾಡಿಗೆ ಮಾತ್ರ ಹಂಚಿಕೊಳ್ಳುವುದು. ನಮ್ಮ ಮರದ ಕಾಯಿಯಾದರೆ ಒಂದು ಲೀಟರಿಗೆ ಸುಮಾರು 10 ಬೇಕಾಯಿತು. ಹಿಂಡಿ ದನಕ್ಕೆ ಬಂತು.

ಬೇಸರದ ವಿಷಯಗಳೂ ಇವೆ. ಮುಖ್ಯವಾದದ್ದು, ನಮ್ಮ ತರಕಾರಿಗೆ ಎಷ್ಟು ಬೆಲೆ ಅಂತ ಎಲ್ಲೂ ಬರೆದು ಹಾಕುವುದಿಲ್ಲ. ಏಪ್ರಿಲಿನಲ್ಲಿ ಗದ್ದೆ ಇರುವವರೆಲ್ಲ ಒಟ್ಟಿಗೆ ಸೌತೆ ತಂದಾಗ, ಕಿಲೋಗೆ 20 ಅಂತ ನಂಬಿ ಹೊತ್ತುಕೊಂಡು ಹೋದವಳಿಗೆ ಅಲ್ಲಿ ಹೋದ ಮೇಲೆ 8 ಅಂತ ಗೊತ್ತಾಯಿತು. ಬೇಸಗೆಯ ಬಿಸಿಲಿನಲ್ಲಿ 12 ಕಿಲೋ ವಾಪಸು ಹೊರಲು ಆಗುತ್ತದಾ? ಕೊಟ್ಟು ಬಂದೆ, ಮನಸ್ಸಿಗೆ ತುಂಬಾ ಬೇಜಾರಾಯಿತು. ಒಂದು ಸ್ಲೇಟಿನಲ್ಲಿ ಆ ದಿನದ ಬೆಲೆ ಬರೆದು ಬಾಗಿಲಿಗೆ ತೂಗುಹಾಕಿ ಅಂತ ಎಷ್ಟು ಸಲ ಹೇಳಿದ್ದೇನೆ, ಇನ್ನೂ ಮಾಡಿಲ್ಲ. ಈಗ ನಾನು ಹಿಂದಿನ ದಿನ ಫೋನು ಮಾಡಿ ಕೇಳಿಯೇ ಕೊಯ್ಯುವುದು.

ಒಮ್ಮೆ ಕುಚ್ಚಲಕ್ಕಿಯಲ್ಲಿ ಹುಳ ಬಂದಿತ್ತು, ಹೇಳಿದ ಕೂಡಲೇ ಬದಲಿಸಿ ಕೊಟ್ಟರು. ಮೆಣಸಿನಪುಡಿ, ಅರಶಿನಪುಡಿ ಬಿಡಿಯಾಗಿ ತರಬೇಡಿ, ಎಷ್ಟು ದಿನದ್ದು ಅಂತ ಅವರಿಗೇ ಗೊತ್ತಿರುವುದಿಲ್ಲ. ಇಡೀ ಮೆಣಸು, ಅರಶಿನಕೊಂಬು ತಂದು ಮನೆಯಲ್ಲೇ ಪುಡಿ ಮಾಡಿ. ಮೀನು ಇಲ್ಲಿಲ್ಲ. ಬಿಸ್ಕತ್ತು, ಮಕ್ಕಳ ತಿಂಡಿಯೂ ಹೆಚ್ಚು ಇಲ್ಲ, ನನಗೆ ಅದು ಒಳ್ಳೆಯದೇ ಆಯಿತು.

ಬೆಳಿಗ್ಗೆ ಏಳಕ್ಕೆ ತೆರೆಯುತ್ತಾರೆ, ಮಧ್ಯಾಹ್ನ ಒಂದರಿಂದ ಮೂರೂವರೆ ಬಾಗಿಲು ಹಾಕಿರುತ್ತದೆ. ಸೊಪ್ಪು ಕೊಡುವುದಿದ್ದರೆ ಎಂಟರ ಒಳಗೆ ಹೋಗಿ, ನಾಲ್ಕು ಕಟ್ಟಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಚೀಲ, ಎಣ್ಣೆಗೆ ಪಾತ್ರೆ ನೀವೇ ಒಯ್ಯಬೇಕು. ಮೊದಲ ಸಲ ಹೋಗುವವರಿಗೆ ಪುಸ್ತಕದಲ್ಲಿ ಪುಟ ಸಿಗುವುದಿಲ್ಲ, ಒಂದೆರಡು ತಿಂಗಳು ರೊಕ್ಕ ಕೊಟ್ಟೇ ತರಬೇಕು. ಮೇ ಮುಗಿಯುವುದರ ಒಳಗೆ ಹೋದರೆ ಬೆಂಡೆ ಬೀಜ ಸಿಕ್ಕೀತು.