ಬ್ರೆವೆಗೆ ಮುಂಚೆ ಸೈಕಲ್ ಸರ್ವಿಸ್‌ಗೆ ಕೊಡ್ತೀರಾ? ಹಳೇ ಚೈನ್ ಕೇಳಿ ಇಸ್ಕೊಳ್ಳಿ

ಹೊಸ ಚೈನ್ ಹಾಕಿದ್ದೇವೆ ಅಂತ ಸೈಕಲ್ ಅಂಗಡಿಯವರು ದುಡ್ಡು ತಗೊಂಡು, ನನ್ನ ಹಳೇ ಚೈನನ್ನೇ ತೊಳೆದು, ಎಣ್ಣೆ ಬಿಟ್ಟು ವಾಪಸ್ ಹಾಕಿ ಕಳಿಸಿದ್ದಾರೆ. ಬರೆಯುವಾಗಲೂ ಮೈ ಉರಿಯುತ್ತಿದೆ.

ಬ್ರೆವೆ ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ನನಗೆ 200, 300, 400 ಕಿಲೋಮೀಟರಿನವು ಮುಗಿದಿದ್ದವು. ಈ 600 ಒಂದು ಮುಗಿಸಿದ್ದರೆ ಸೂಪರ್ ರಾಂಡೊನಿಯರ್ (ನಾಲ್ಕೂ ದೂರ ಮುಗಿಸಿದವರಿಗೆ ಸಿಗುವ ಬಿರುದು) ಆಗುತ್ತಿದ್ದೆ. 40 ಗಂಟೆ ಗಡುವು. ದಾರಿಯಲ್ಲಿ ಕೈಕೊಡಬಾರದು ಅಂತಲೇ ಚೈನು, ಕ್ಯಾಸೆಟ್ಟು (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಚ್ಛ) ಎರಡೂ ಬದಲಿಸಿ ಅಂತ ಬಿಡಿಸಿ ಹೇಳಿದ್ದೆ. ಬಿಲ್ಲಿನಲ್ಲಿ ಎರಡೂ ಇವೆ. ಸೈಕಲ್ ತರುವಾಗಲೇ ಏನೋ ಕಟಕಟ ಸದ್ದು. ಕೇಳಿದ್ದಕ್ಕೆ, "ಹೊಸದಲ್ವಾ ಸರ್, ಒಂದೆರಡು ರೈಡ್ ಆದ್ರೆ ಸೆಟ್ ಆಗತ್ತೆ" ಅಂದರು.

ಸೆಟ್ ಆಗೋದು ಹಾಗಿರಲಿ, ಬ್ರೆವೆಯ ರಾತ್ರಿ ಏರಿನಲ್ಲಿ ಎದ್ದು ನಿಂತು ತುಳಿದರೆ ಸಾಕು, ಚೈನ್ ಹಲ್ಲು ಬಿಟ್ಟು ಹಾರುತ್ತಿತ್ತು. ಒಂದು ಸಲ ಕಾಲು ಜಾರಿ ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಗೇರ್ ಕೇಬಲ್ ಬಿಗಿ ಮಾಡಿದೆ, ಹಿಂದಿನ ಗೇರ್ ತೂಗುವ ಹ್ಯಾಂಗರ್ ಬಗ್ಗಿದೆಯಾ ಅಂತ ನೋಡಿದೆ. ಎಲ್ಲಾ ಸರಿ ಇತ್ತು. ಕೊನೆಗೆ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಚೈನನ್ನು ಕೊಂಡಿ ಕೊಂಡಿಯಾಗಿ ನೋಡುತ್ತಾ ಬಂದೆ. ಚೈನಿನ ಎರಡು ತುದಿ ಸೇರಿಸುವ, ಬಂಗಾರದ ಬಣ್ಣದ ಕ್ವಿಕ್ ಲಿಂಕ್ ಕಣ್ಣಿಗೆ ಬಿತ್ತು. ಚೈನೆಲ್ಲ ಬೂದು, ಅದೊಂದೇ ಬಂಗಾರ. ಅದನ್ನು ಹಾಕಿದ್ದು ನಾನೇ! ಹಿಂದೊಮ್ಮೆ ಚೈನ್ ತುಂಡಾದಾಗ ನನ್ನ ಕೈಯಾರೆ ಹಾಕಿದ್ದು. ನನ್ನ ಹಳೇ ಚೈನೇ ಅದು. ಬಿಲ್ ಕೊಟ್ಟು, ನಕ್ಕು, "ಆಲ್ ದ ಬೆಸ್ಟ್ ಸರ್" ಅಂತ ಬೇರೆ ಹೇಳಿ ಕಳಿಸಿದ್ದರು. ಅಲ್ಲೇ ರಸ್ತೆ ಪಕ್ಕ ಕೂತುಬಿಟ್ಟೆ. ಅಷ್ಟು ಅವಮಾನ ಆಯ್ತು.

ಕ್ಯಾಸೆಟ್ ಮಾತ್ರ ನಿಜವಾಗಿ ಹೊಸದು. ಅದೇ ಮುಳುವಾಯಿತು. ಸವೆದ ಚೈನ್ ಉದ್ದ ಆಗಿರತ್ತೆ, ಹೊಸ ಹಲ್ಲಿಗೆ ಸರಿಯಾಗಿ ಕೂರಲ್ಲ. ಎರಡೂ ಹಳೇದೇ ಇದ್ದಿದ್ದರೆ ಹೇಗೋ ಓಡುತ್ತಿತ್ತು. ಏರೆಲ್ಲ ತಳ್ಳಿಕೊಂಡು ಹೋಗಿ ಮುಂದಿನ ಕಂಟ್ರೋಲ್ (ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದ ತಪಾಸಣೆಯ ಜಾಗ) ತಲುಪುವಷ್ಟರಲ್ಲಿ ಅದರ ಸಮಯ ಮುಗಿದಿತ್ತು.

ಅಂಗಡಿಗೆ ಫೋನ್ ಮಾಡಿದರೆ, "ಹೊಸದೇ ಸರ್, ಹುಡುಗ ನನ್ನೆದುರೇ ಹಾಕಿದ್ದಾನೆ." ಲಿಂಕಿನ ಫೋಟೋ ಕಳಿಸಿದೆ. "ನಿಮ್ಮ ಹಳೇ ಲಿಂಕ್ ಚೆನ್ನಾಗಿತ್ತು, ಅದನ್ನೇ ಹೊಸ ಚೈನಿಗೆ ಹಾಕಿರ್ಬೇಕು." ಸರಿ, ಸ್ಕೇಲ್ ಇಟ್ಟು ಅಳೆದೆ. ಒಂದು ಪಿನ್ನಿನಿಂದ ಮುಂದಕ್ಕೆ 24ನೇ ಪಿನ್ನಿಗೆ ಸರಿಯಾಗಿ 12 ಇಂಚು ಇರಬೇಕು. 1/16 ಇಂಚು ಜಾಸ್ತಿ ಇದ್ದರೆ ಚೈನ್ ಬದಲಿಸುವ ಹೊತ್ತು ಬಂತು ಅಂತ ಲೆಕ್ಕ. ನನ್ನದು ಅದರ ದುಪ್ಪಟ್ಟು! ಅದಕ್ಕೂ ಉತ್ತರ ರೆಡಿ: "ಅಷ್ಟು ದೂರ ತುಳಿದಿದ್ದೀರಲ್ಲ ಸರ್, ಸವೆಯದೇ ಇರತ್ತಾ?" ಅರ್ಧ ಬ್ರೆವೆಗೆ ಹೊಸ ಚೈನ್ ಹೀಗೆ ಸವೆಯುತ್ತಾ? ಯಾರನ್ನಾದರೂ ಕೇಳಿ. ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ, "ಮುಂದಿನ ಸಲ ಸರ್ವಿಸ್ ಫ್ರೀ ಮಾಡ್ಕೊಡೋಣ" ಅಂತೆ. ಮುಂದಿನ ಸಲ! ಆಮೇಲೆ ಮೆಸೇಜ್ ನೋಡುತ್ತಾರೆ, ಉತ್ತರ ಇಲ್ಲ.

ಹಳೇ ಚೈನು, ಹೊಸದರ ಖಾಲಿ ಡಬ್ಬ ಎರಡನ್ನೂ ಕೇಳಿ ಇಸ್ಕೊಳ್ಳಿ. ದುಡ್ಡು ಕೊಡುವ ಮುಂಚೆ ಅಲ್ಲೇ ಸ್ಕೇಲ್ ಇಟ್ಟು ನೋಡಿ. ಬ್ರೆವೆಗೆ ವಾರಗಳು ಇರುವಾಗಲೇ ಸರ್ವಿಸ್ ಮುಗಿಸಿ, ಕಡಿದಾದ ಏರಿನಲ್ಲಿ ಜೋರಾಗಿ ತುಳಿದು ನೋಡಿ. "ಸೆಟ್ ಆಗತ್ತೆ" ಅಂದರೆ ಸೈಕಲ್ ಅಲ್ಲೇ ನಿಲ್ಲಿಸಿ, ಕಣ್ಣೆದುರೇ ಬಿಚ್ಚಿಸಿ.