ಧಾರವಾಡದ ಡಬ್ಬಿ ಊಟ, ಸಂಜೆಯ ಚಾ: 2 ವರ್ಷ ಉಂಡ ಮೇಲೆ ಬರೆಯುತ್ತಿದ್ದೇನೆ

ಸಪ್ತಾಪುರದ ಒಂದು ಅಡ್ಡರಸ್ತೆಯಲ್ಲಿ ಬೋರ್ಡ್ ಇಲ್ಲದ ಮನೆ. ಮುಂದಿನ ಕೋಣೆಯಲ್ಲಿ ಎರಡು ಉದ್ದ ಟೇಬಲ್, ಒತ್ತಿ ಕೂತರೆ 10 ಜನ, ಒಳಗೆ ಅಡುಗೆಮನೆ, ಅಷ್ಟೇ. ನಾನು ಇಲ್ಲಿ 2 ವರ್ಷದಿಂದ ಉಣ್ಣುತ್ತಿದ್ದೇನೆ. ಮಧ್ಯಾಹ್ನ ಬ್ಯಾಂಕಿಗೆ ಡಬ್ಬಿ ಬರುತ್ತದೆ, ರಾತ್ರಿ ನಾನೇ ಹೋಗಿ ಕೂತು ಉಣ್ಣುತ್ತೇನೆ, ಕೆಲಸ ಬೇಗ ಮುಗಿದ ದಿನ ಸಂಜೆ ಚಾ.

ಹೆಸರು, ಫೋನ್ ನಂಬರ್ ಹಾಕುತ್ತಿಲ್ಲ. ಈ ಮನೆ ನಡೆಸುವ ಅಕ್ಕಾರೇ ಬೇಡ ಅಂದರು. ಈಗಿರುವ 40 ಡಬ್ಬಿಗೇ ಕೈ ಸಾಲುತ್ತಿಲ್ಲ, ಇನ್ನೂ ಒಪ್ಪಿಕೊಂಡರೆ ರೊಟ್ಟಿ ಕೆಡುತ್ತದೆ ಅಂತ ಅವರ ಲೆಕ್ಕ. ಆದರೂ ಬರೆಯಬೇಕು ಅನ್ನಿಸಿತು. ಧಾರವಾಡದಲ್ಲಿ ಇಂಥ ಮನೆಗಳು ಇನ್ನೂ ಇವೆ. ಹೊಸದಾಗಿ ಓದಲು ಬರುವ ಹುಡುಗರು, ವರ್ಗವಾಗಿ ಬರುವ ನನ್ನಂಥವರು ಇದು ಗೊತ್ತಾಗದೆ ದಿನಾ ರಾತ್ರಿ ಫ್ರೈಡ್ ರೈಸ್ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಮೊದಲ 3 ತಿಂಗಳು ನಾನೂ ಹಾಗೇ ಇದ್ದೆ, ಒಂದು ಸಲ ಡ್ರಿಪ್ ಹಾಕಿಸಿಕೊಳ್ಳುವವರೆಗೂ ಹೋಯಿತು. ಆಮೇಲೆ ಜೊತೆಗೆ ಕೆಲಸ ಮಾಡುವ ಮೇಡಂ ಒಬ್ಬರು ಕೈ ಹಿಡಿದು ಇಲ್ಲಿಗೆ ಕರೆತಂದರು.

ನಮ್ಮದು ಹಾಸನದ ಕಡೆ. ಮುದ್ದೆ, ಬಸ್ಸಾರು, ಬೆಳಿಗ್ಗೆ ಕಾಫಿ, ಸಂಜೆ ಕಾಫಿ. ಜೋಳದ ರೊಟ್ಟಿ ಅಂದರೆ ಮದುವೆ ಮನೆಯಲ್ಲಿ ತುಂಡು ಮಾಡಿ ಬಡಿಸುವ ಖಡಕ್ ರೊಟ್ಟಿ ಅಂತಲೇ ಅಂದುಕೊಂಡಿದ್ದೆ. ಬಿಸಿ ರೊಟ್ಟಿ ಬೇರೆಯೇ ವಸ್ತು.

ರಾತ್ರಿ 8 ಗಂಟೆಗೆ ಹೋದರೆ ರೊಟ್ಟಿ ಬಡಿಯುವ ಸದ್ದು ರಸ್ತೆಗೇ ಕೇಳುತ್ತದೆ. ಅಕ್ಕಾರು ಹಿಟ್ಟಿನ ಮಧ್ಯೆ ಗುಂಡಿ ಮಾಡಿ ಕುದಿಯುವ ನೀರು ಹಾಕುತ್ತಾರೆ, ಸ್ವಲ್ಪ ಆರಿದ ಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ನಾದುತ್ತಾರೆ. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಬಿಸಿನೀರು ಬಿದ್ದಾಗ ಮಾತ್ರ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. "ನೀರು ಕುದ್ದಿದ್ದ ಇರಬೇಕವಾ, ಇಲ್ಲಾಂದ್ರ ಜಿಗಿ ಬರಂಗಿಲ್ಲ" ಅಂತ ನನಗೆ ಕಲಿಸಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದಾರೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವಷ್ಟರಲ್ಲಿ ತಿರುವಿ, ಕೊನೆಗೆ ನೇರ ಉರಿಗೆ ಹಿಡಿದರೆ ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬಿದ್ದು ಇಳಿಯುವ ಮೊದಲೇ ತಟ್ಟೆಗೆ ಬರುತ್ತದೆ. ಮೇಲೆ ಬೆಣ್ಣೆ ಇಟ್ಟರೆ ಕೈ ಇಡುವಷ್ಟರಲ್ಲಿ ಕರಗಿರುತ್ತದೆ.

ಜೋಳ ಬಿಜಾಪುರದ ಕಡೆಯಿಂದ ತರಿಸುತ್ತಾರೆ, ಮಾಲದಂಡಿ ಬಿಳಿ ಜೋಳ. ಹಿಂಗಾರಿ ಬೆಳೆ. ಮಳೆಗಾಲ ಮುಗಿಯುವಾಗ ಬಿತ್ತಿ, ಎರೆ ನೆಲದಲ್ಲಿ ಉಳಿದ ತೇವದಲ್ಲೇ ಬೆಳೆಯುವ ಜೋಳ. ತೆನೆ ಬಲಿಯುವಾಗ ಮಳೆ ಹೊಡೆತ ಇರುವುದಿಲ್ಲ, ಅದಕ್ಕೇ ಕಾಳು ಕಪ್ಪಾಗದೆ ಮುತ್ತಿನ ಹಾಗಿರುತ್ತದೆ. 3 ದಿನಕ್ಕೊಮ್ಮೆ ಬೇಕಾದಷ್ಟನ್ನೇ ಗಿರಣಿಗೆ ಕಳಿಸುತ್ತಾರೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ, ಬಾಯಿಗೂ ಸ್ವಲ್ಪ ಕಹಿ ತಾಗುತ್ತದೆ. ಈ ಊಟದ ಅರ್ಧ ರುಚಿ ಇರುವುದು ಗಿರಣಿಯ ಓಡಾಟದಲ್ಲಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲೆ ಜೋಳದ ಬಗ್ಗೆ ಎಲ್ಲ ಕಡೆ ಮಾತು ಜಾಸ್ತಿ ಆಯಿತು. ಬೆಂಗಳೂರಿನ ಒಂದು ಹೋಟೆಲಿನಲ್ಲಿ 2 ರೊಟ್ಟಿ, ಒಂದು ಪಲ್ಯಕ್ಕೆ 320 ರೂಪಾಯಿ ಕೊಟ್ಟು ಉಂಡೆ. ಮೊದಲೇ ಮಾಡಿಟ್ಟಿದ್ದನ್ನು ಬಿಸಿ ಮಾಡಿ ತಂದಿದ್ದರು, ಚರ್ಮದ ಹಾಗೆ ಎಳೆಯಬೇಕಿತ್ತು. ಬೇಜಾರಾಯಿತು. ಮೊದಲ ಸಲ ಜೋಳದ ರೊಟ್ಟಿ ತಿನ್ನುವವರು ಅಲ್ಲಿ ತಿಂದರೆ ಇನ್ನೊಮ್ಮೆ ಕೇಳುವುದೇ ಇಲ್ಲ, ಅಲ್ವಾ?

ಪಲ್ಯ ದಿನಕ್ಕೆ ಎರಡು. ಒಂದು ಕಾಳಿನದು, ಒಂದು ತರಕಾರಿ ಅಥವಾ ಸೊಪ್ಪಿನದು. ಮೆನು ಅಂತ ಇಲ್ಲ, ಸಂತೆಯಲ್ಲಿ ಏನು ಸಿಕ್ಕಿತೋ ಅದು. ನನಗೆ ತುಂಬ ಇಷ್ಟವಾದದ್ದು ಮಡಿಕೆ ಕಾಳು. ಮೊಳಕೆ ಬರಿಸಿ, ಉಳ್ಳಾಗಡ್ಡಿ ಒಗ್ಗರಣೆಗೆ ಹಾಕಿ, ಮೆತ್ತಗಾಗದ ಹಾಗೆ ಬೇಯಿಸಿ, ಮೇಲೆ ಒಂದು ಚಮಚ ಶೇಂಗಾ ಪುಡಿ. ಇಷ್ಟರಲ್ಲೇ ಮುಗಿಯಿತು. ಗರಂ ಮಸಾಲೆ ಇಲ್ಲ, ಟೊಮೆಟೊ ಗ್ರೇವಿ ಇಲ್ಲ. ಕಾಳಿನ ರುಚಿ ಕಾಳಿನದೇ ಆಗಿರುತ್ತದೆ. ಪುಂಡಿ ಪಲ್ಯ ಮಾಡಿದ ದಿನ ಮೊದಲೇ ತಿಳಿಸಿ ಅಂತ ಹೇಳಿಟ್ಟಿದ್ದೇನೆ. ಹುಳಿ ಸೊಪ್ಪಿಗೆ ಜೋಳದ ನುಚ್ಚು, ಬೇಳೆ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಸುರಿದಿರುತ್ತಾರೆ. ಮಾರನೆಯ ದಿನ ಇನ್ನೂ ರುಚಿ.

ಮುಳಗಾಯಿ ಎಣಗಾಯಿ (ನಮ್ಮ ಕಡೆ ಬದನೆಕಾಯಿ ಎಣ್ಣೆಗಾಯಿ) ಎಲ್ಲರೂ ಹೊಗಳುತ್ತಾರೆ. ತುಂಬುವ ಪುಡಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು, ಒಣ ಕೊಬ್ಬರಿ, ಹುಣಸೆ, ಬೆಲ್ಲ ಎಲ್ಲ ಹದವಾಗಿರುತ್ತದೆ. ಆದರೆ ನನಗೆ ಎಣ್ಣೆ ಜಾಸ್ತಿ ಅನ್ನಿಸುತ್ತದೆ. ಇದನ್ನು ಅಕ್ಕಾರಿಗೂ ಹೇಳಿದ್ದೇನೆ. ಎಣ್ಣೆ ಕಡಿಮೆ ಮಾಡಿದರೆ ಅದು ಎಣಗಾಯಿ ಅಲ್ಲ ಅಂದರು. ಆ ದಿನ ನಾನು ಒಂದೇ ಕಾಯಿ ಹಾಕಿಸಿಕೊಂಡು ಮೊಸರು ಜಾಸ್ತಿ ಕೇಳುತ್ತೇನೆ.

ಖಾರದ ಬಗ್ಗೆ ಹೆದರಿಕೆ ಇರುವವರಿಗೆ ಒಂದು ಮಾತು. ಕೆಂಪಗೆ ಕಾಣುವುದೆಲ್ಲ ಖಾರ ಅಲ್ಲ. ಇಲ್ಲಿ ಮಸಾಲೆ ಖಾರಕ್ಕೆ ಬಳಸುವುದು ಬ್ಯಾಡಗಿ ಮೆಣಸಿನಕಾಯಿ, ಅದೂ ಡಬ್ಬಿ ಅನ್ನುವ ಗಿಡ್ಡ, ದಪ್ಪ ಜಾತಿ. ಬಣ್ಣ ಜಾಸ್ತಿ, ಉರಿ ಕಡಿಮೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆ ಆಗುವವರೆಗೂ ಬ್ಯಾಡಗಿ ಧಾರವಾಡ ಜಿಲ್ಲೆಯಲ್ಲೇ ಇತ್ತು, ಈ ಮನೆಯ ಅಜ್ಜಿ ಈಗಲೂ ಅದನ್ನು ನಮ್ಮ ಜಿಲ್ಲೆಯದು ಅಂತಲೇ ಹೇಳುತ್ತಾರೆ. ವರ್ಷದ ಖಾರಕ್ಕೆ ಬೇಕಾದ ಮೆಣಸಿನಕಾಯಿ ಬೇಸಿಗೆಯಲ್ಲಿ ಒಟ್ಟಿಗೇ ತಂದು, ತೊಟ್ಟು ಮುರಿದು, ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಉರಿ ಇರುವುದು ಹಸಿಮೆಣಸಿನಕಾಯಿ ಚಟ್ನಿಯಲ್ಲಿ ಮತ್ತು ರಂಜಕದಲ್ಲಿ, ಅಂದರೆ ಕೆಂಪು ಮೆಣಸಿನಕಾಯಿ ಅರೆದ ಚಟ್ನಿಯಲ್ಲಿ. ಅವನ್ನು ಮೊದಲ ದಿನ ಬೆರಳ ತುದಿಯಷ್ಟೇ ಹಾಕಿಸಿಕೊಳ್ಳಿ. ಶೇಂಗಾ ಚಟ್ನಿ, ಅಗಸಿ ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಗುರೆಳ್ಳು ಹಿಂಡಿ ಮೂರೂ ಯಾವಾಗಲೂ ಟೇಬಲ್ ಮೇಲೆ ಇರುತ್ತವೆ. ಗುರೆಳ್ಳು ನಮ್ಮ ಕಡೆಯ ಹುಚ್ಚೆಳ್ಳೇ. ನಾವು ಅದನ್ನು ಮರೆತೇಬಿಟ್ಟಿದ್ದೇವೆ, ಇಲ್ಲಿ ಮೊಸರಿಗೆ ಕಲಸಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ನಾನು ಊರಿಗೆ ಹೋಗುವಾಗೆಲ್ಲ ಅರ್ಧ ಕಿಲೋ ಒಯ್ಯುತ್ತೇನೆ, ಅಮ್ಮನಿಗೆ ಈಗ ಅದಿಲ್ಲದೆ ಆಗುವುದಿಲ್ಲ.

ಪಕ್ಕದಲ್ಲಿ ಹಸಿಯದು ಏನಾದರೂ ಇದ್ದೇ ಇರುತ್ತದೆ. ಸೌತೆಕಾಯಿ, ಗಜ್ಜರಿ, ಚಳಿಗಾಲದಲ್ಲಿ ಎಳೆ ಮೆಂತ್ಯ ಸೊಪ್ಪು, ಹಕ್ಕರಕಿ ಸೊಪ್ಪು. ಅನ್ನ ಸಾರು ಕೊನೆಗೆ ಬರುತ್ತದೆ, ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. 9 ಗಂಟೆಯ ಮೇಲೆ ಹೋದರೆ ಅನ್ನ ಮುದ್ದೆಯಾಗಿರುತ್ತದೆ.

ಈಗ ಡಬ್ಬಿಯ ಕೊರತೆಗಳು. ಮಧ್ಯಾಹ್ನ 12ಕ್ಕೆ ತುಂಬಿದ ರೊಟ್ಟಿ ನಾನು ಉಣ್ಣುವ 2 ಗಂಟೆಗೆ ಬಿರುಸಾಗಿರುತ್ತದೆ. ಮೊದಲು ಫಾಯಿಲ್‌ನಲ್ಲಿ ಸುತ್ತಿ ಕಳಿಸುತ್ತಿದ್ದರು, ಆವಿ ಒಳಗೇ ನಿಂತು ರೊಟ್ಟಿ ಬೆವರಿ ಅಂಟುತ್ತಿತ್ತು. ಈಗ ನಾನೇ ಹಳೆಯ ಹತ್ತಿ ಬಟ್ಟೆ ಕೊಟ್ಟಿದ್ದೇನೆ, ಪರವಾಗಿಲ್ಲ. ಆದರೂ ಡಬ್ಬಿಗೆ ಚಪಾತಿ ಹೇಳುವುದೇ ಒಳ್ಳೆಯದು, ರೊಟ್ಟಿಯನ್ನು ಅಲ್ಲೇ ಹೋಗಿ ಉಣ್ಣಿ. ಸಾರಿನ ಮುಚ್ಚಳ ಸಡಿಲ, ಎರಡು ಸಲ ಚೀಲದಲ್ಲೇ ಚೆಲ್ಲಿದೆ. ಡಬ್ಬಿ ತರುವ ಹುಡುಗ ಪರೀಕ್ಷೆ ಬಂದರೆ ರಜೆ ಹಾಕುತ್ತಾನೆ, ಆಗ ಅರ್ಧ ಗಂಟೆ ತಡ. ಭಾನುವಾರ ರಾತ್ರಿ ಒಲೆ ಹಚ್ಚುವುದಿಲ್ಲ. ಅಮಾವಾಸ್ಯೆಯ ದಿನ ಮಾತ್ರ ಹೋಳಿಗೆ, ಕಟ್ಟಿನ ಸಾರು ಇರುತ್ತದೆ, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ತಿಂಗಳಿಗೆ ಎರಡು ಹೊತ್ತಿಗೆ 4,200 ರೂಪಾಯಿ ಕೊಡುತ್ತಿದ್ದೇನೆ. ಊರಿಗೆ ಹೋಗುವುದಿದ್ದರೆ ಹಿಂದಿನ ದಿನ ಹೇಳಬೇಕು, ಆಗ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಹೇಳದೆ ಹೋಗಬೇಡಿ, ಅಳತೆ ನೋಡಿ ಮಾಡಿದ ಅಡುಗೆ ದಂಡವಾಗುತ್ತದೆ.

ಇನ್ನು ಚಾ. ನಿಜ ಹೇಳಬೇಕೆಂದರೆ ಈ ಮನೆಯ ಋಣ ನನಗೆ ಅಂಟಿಕೊಂಡದ್ದು ಚಾದಿಂದ.

ಬಂದ ಹೊಸತರಲ್ಲಿ ನಾನು ಇಲ್ಲಿ ಕಾಫಿ ಕೇಳಿದ್ದೆ. ಅಕ್ಕಾರು ಅಂಗಡಿಯಿಂದ ಇನ್‌ಸ್ಟಂಟ್ ಕಾಫಿಯ ಸಣ್ಣ ಪ್ಯಾಕೆಟ್ ತರಿಸಿ ಮಾಡಿಕೊಟ್ಟರು. ಕುಡಿದು ಲೋಟ ಇಟ್ಟೆ. ನನ್ನ ಮುಖ ನೋಡಿ, "ನಾಳೆ ಚಾ ಕುಡದ ನೋಡವಾ, ಸೇರಲಿಲ್ಲಾಂದ್ರ ಬಿಡು" ಅಂದರು. ಮಾರನೆಯ ದಿನದಿಂದ ಬಿಟ್ಟಿಲ್ಲ.

ಅವರ ಚಾ ಹೀಗೆ. ಮೊದಲು ಬರೀ ನೀರು, ಜಜ್ಜಿದ ಶುಂಠಿ, ಸಕ್ಕರೆ. ಶುಂಠಿ ನೀರಿನಲ್ಲೇ ಚೆನ್ನಾಗಿ ಕುದಿಯಬೇಕು. ಹಸಿ ಶುಂಠಿಯನ್ನು ನೇರ ಹಾಲಿಗೆ ಹಾಕಿದರೆ ಹಾಲು ಒಡೆಯುವ ಭಯ ಇರುತ್ತದೆ. ಆಮೇಲೆ ಚಾಪುಡಿ. ಎರಡು ಥರದ್ದನ್ನು ಬೆರೆಸಿಟ್ಟುಕೊಂಡಿದ್ದಾರೆ: ಒಂದು ಕಾಳು ಕಾಳಾಗಿರುವ ಅಸ್ಸಾಂ ಸಿಟಿಸಿ, ಇನ್ನೊಂದು ಸಣ್ಣಗಿನ ಡಸ್ಟ್. ಎಲೆಯನ್ನು ಹಲ್ಲಿನ ರೋಲರ್‌ಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ಸಿಟಿಸಿ ವಿಧಾನ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ನಮ್ಮ ಹಾಲಿನ ಚಾಕ್ಕೆ ಇಂಥ ಗಟ್ಟಿ ಪುಡಿಯೇ ಬೇಕು, ಉದ್ದ ಎಲೆಯ ದುಬಾರಿ ಚಹಾ ಹಾಲು ಬಿದ್ದ ಕೂಡಲೇ ಸೋತುಹೋಗುತ್ತದೆ. ಡಸ್ಟ್ ಬೇಗ ಬಣ್ಣ ಬಿಡುತ್ತದೆ, ಕಾಳು ಪುಡಿ ನಿಧಾನಕ್ಕೆ ರುಚಿ ಬಿಡುತ್ತದೆ. ಪುಡಿ ಹಾಕಿದ ಮೇಲೆ ಎರಡು ನಿಮಿಷ ಬಿಟ್ಟು ಎಮ್ಮೆ ಹಾಲು, ಎರಡು ಸಲ ಉಕ್ಕು ಬಂದ ಕೂಡಲೇ ಇಳಿಸಿ ಸೋಸುವುದು. ಕುದಿಸಿದ್ದನ್ನೇ ಮತ್ತೆ ಕುದಿಸುವುದಿಲ್ಲ. ಐದು ನಿಮಿಷ ತಡವಾಗಿ ಬಂದವರಿಗೆ ಹೊಸದಾಗಿ ಇಡುತ್ತಾರೆ, ಎಷ್ಟೇ ಕೆಲಸ ಇದ್ದರೂ. ನಾನು ಗಮನಿಸಿದ್ದು ಇದು. ಮಳೆಗಾಲದಲ್ಲಿ ಹಿತ್ತಲ ಗವತಿ ಚಹಾದ ಎರಡು ಎಲೆ ಗಂಟು ಹಾಕಿ ನೀರಿಗೆ ಬಿಡುತ್ತಾರೆ. ನಮ್ಮ ಕಡೆ ಮಜ್ಜಿಗೆ ಹುಲ್ಲು ಅನ್ನುತ್ತೇವಲ್ಲ, ಅದೇ.

ಕಪ್-ಬಸಿಯಲ್ಲಿ (ಬಸಿ ಅಂದರೆ ಸಾಸರ್) ಕೊಡುತ್ತಾರೆ, 10 ರೂಪಾಯಿ. ಅವರ ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಸಿಗೆ ಸುರಿದುಕೊಂಡು ಸದ್ದು ಮಾಡುತ್ತಾ ಕುಡಿಯುತ್ತಾರೆ. ಜೊತೆಗೆ ಒಗ್ಗರಣೆ ಅವಲಕ್ಕಿ, ಇಲ್ಲವೇ ಗಿರ್ಮಿಟ್. ಹುಣಸೆ, ಬೆಲ್ಲ, ಉಳ್ಳಾಗಡ್ಡಿ ಕುದಿಸಿದ ಗೊಜ್ಜಿಗೆ ಚುರುಮುರಿ ಕಲಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಕಲಸಿದ ಕೂಡಲೇ ತಿನ್ನಬೇಕು, ಚುರುಮುರಿ ಮೆತ್ತಗಾದರೆ ಹೋಯಿತು. ಅದರ ಹುಳಿಸಿಹಿ ನಾಲಿಗೆ ಮೇಲೆ ಇರುವಾಗ ಶುಂಠಿ ಚಾದ ಒಂದು ಗುಟುಕು ಕುಡಿದರೆ ಇಡೀ ದಿನ ಕೌಂಟರಿನಲ್ಲಿ ಮಾತಾಡಿ ಒಣಗಿದ ಗಂಟಲು ಸರಿಹೋಗುತ್ತದೆ. ಧಾರವಾಡದ ಸಣ್ಣ ಮಳೆ ದಿನವಿಡೀ ಹಿಡಿದಾಗ ನಾನು ಅಲ್ಲಿ ಸುಮ್ನೆ ಮುಕ್ಕಾಲು ಗಂಟೆ ಕೂತದ್ದಿದೆ. ಯಾರೂ ಏಳು ಅನ್ನಲಿಲ್ಲ. ಅಪ್ಪ ತೀರಿಕೊಂಡು ಊರಿಂದ ವಾಪಸ್ ಬಂದ ದಿನವೂ ಸೀದಾ ಇಲ್ಲಿಗೇ ಬಂದೆ, ರೂಮಿಗೆ ಹೋಗಲು ಮನಸ್ಸಾಗಲಿಲ್ಲ. ಅಕ್ಕಾರು ಏನೂ ಕೇಳಲಿಲ್ಲ. ಚಾ ಇಟ್ಟು ಎದುರಿಗೆ ಕೂತು ಮೆಂತ್ಯ ಸೊಪ್ಪು ಬಿಡಿಸಿದರು, ನಾನೂ ಒಂದು ಕಟ್ಟು ತೆಗೆದುಕೊಂಡು ಬಿಡಿಸಿದೆ.

ಚಾ ಸಿಗುವುದು ಸಂಜೆ 5ರಿಂದ 6ರವರೆಗೆ ಮಾತ್ರ. ಆಮೇಲೆ ರೊಟ್ಟಿಯ ತಯಾರಿ ಶುರು, ಆಗ ಕೇಳಬೇಡಿ. ಸಕ್ಕರೆ ನಮ್ಮಂಥವರಿಗೆ ಜಾಸ್ತಿ, ನೀರಿಗೇ ಹಾಕುವುದರಿಂದ ಮೊದಲೇ ಹೇಳಬೇಕು.

ಇಂಥ ಮನೆ ಹುಡುಕುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ನನಗೆ ಗೊತ್ತಿರುವ ದಾರಿ ಒಂದೇ. ನಿಮ್ಮ ಓಣಿಯ ಹಿಟ್ಟಿನ ಗಿರಣಿಗೆ ಹೋಗಿ, ಎರಡು ಮೂರು ದಿನಕ್ಕೊಮ್ಮೆ 10-15 ಕಿಲೋ ಜೋಳ ಬೀಸಿಸಿಕೊಂಡು ಹೋಗುವವರು ಯಾರು ಅಂತ ಕೇಳಿ. ತಿಂಗಳಿಗೆ ಒಂದೇ ಸಲ ದೊಡ್ಡ ಚೀಲ ತರುವವರ ಮನೆ ಬೇಡ. ಗಿರಣಿಯವರು ಹೇಳಿದ ಮನೆಗೆ ಒಂದು ಸಂಜೆ 5 ಗಂಟೆಗೆ ಹೋಗಿ, ಚಾ ಕೇಳಿ, ಹೊಸದಾಗಿ ಇಟ್ಟು ಕೊಟ್ಟರೆ ಡಬ್ಬಿ ಗೊತ್ತು ಮಾಡಿ ಬನ್ನಿ. ಹೋಗುವಾಗ ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿ ನಿಮ್ಮದೇ ಒಯ್ಯಿರಿ.