ಕೋಳಿ ಗೊಬ್ಬರ: ಆರು ವರ್ಷ ಬಳಸಿದವನ ಮಾತು

ಮೊದಲ ವರ್ಷ ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಸಗಣಿ ಗೊಬ್ಬರದ ಲೆಕ್ಕದಲ್ಲೇ ಕೋಳಿ ಗೊಬ್ಬರ ಹಾಕಿದೆ. ಅದೂ ಹಸಿಯದ್ದು. ಬದನೆ ಸಸಿಗಳ ಬುಡಕ್ಕೆ ಒಂದೊಂದು ಬೊಗಸೆ. ಕೆಲವೇ ದಿನಕ್ಕೆ ಎಲೆಯಂಚು ಕಂದು ತಿರುಗಿತು. ಎರಡನೇ ವಾರ ಅರ್ಧ ಸಾಲು ಒಣಗಿ ನಿಂತಿತ್ತು. ನೀರು ಸಾಲದೇನೋ ಅಂದುಕೊಂಡು ಇನ್ನಷ್ಟು ಬಿಟ್ಟೆ. ಕೊನೆಗೆ ಬುಡ ಕೆದಕಿ ಮೂಸಿದರೆ ಕಣ್ಣಲ್ಲಿ ನೀರು ಬರುವಂಥ ಅಮೋನಿಯಾ ಘಾಟು.

ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ ಅಲ್ವಾ? ಹಿಕ್ಕೆಯ ಮೇಲಿನ ಬಿಳಿ ಭಾಗವೇ ಅದು, ಯೂರಿಕ್ ಆಮ್ಲ. ತೇವ ಸಿಕ್ಕರೆ ಬೇಗ ಅಮೋನಿಯಾ ಆಗುತ್ತದೆ, ಎಳೆ ಬೇರನ್ನು ಸುಡುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ಶೇ 0.5ರ ಆಸುಪಾಸು. ಒಣಗಿದ ಕೋಳಿ ಗೊಬ್ಬರದಲ್ಲಿ ಸುಮಾರು ಶೇ 3. ಬುಟ್ಟಿ ಲೆಕ್ಕ ಹಾಕುವವನಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಎರಡನೇ ವರ್ಷದಿಂದ ಕೊಳೆಸಿಯೇ ಹಾಕುತ್ತಿದ್ದೇನೆ. ಬರೀ ಹಿಕ್ಕೆ ರಾಶಿ ಹಾಕಿದರೆ ಅದು ಗೊಬ್ಬರ ಆಗುವುದಕ್ಕಿಂತ ನಾರುವುದೇ ಜಾಸ್ತಿ. ಇಂಗಾಲ ಸಾಲದು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು, ಹಿಕ್ಕೆಯಲ್ಲಿ ಹತ್ತು ಪಾಲೂ ಇರುವುದು ಕಷ್ಟ. ಹಾಗಾಗಿ ಒಣ ಎಲೆ, ಹುಲ್ಲು, ಮರದ ಹೊಟ್ಟು ಸೇರಿಸುತ್ತೇನೆ. ಹಿಂಡಿದರೆ ಮುದ್ದೆಯಾಗಬೇಕು, ನೀರು ಸುರಿಯಬಾರದು, ಅಷ್ಟು ತೇವ. ಕಾವು 55 ಡಿಗ್ರಿ ದಾಟಿ ಕೆಲವು ದಿನ ನಿಲ್ಲಬೇಕು, ಆಗಲೇ ಸಾಲ್ಮೊನೆಲ್ಲಾದಂಥ ರೋಗಾಣು ಮತ್ತು ಕಳೆ ಬೀಜ ಸಾಯುವುದು. ಅಂಚಿನಲ್ಲಿ ಇರುವುದು ಒಳಗೆ ಬರಲಿ ಅಂತ ಮಗುಚುತ್ತೇನೆ. ಬೆನ್ನು ನೋವಿನ ಕೆಲಸ, ಸುಳ್ಳು ಹೇಳುವುದಿಲ್ಲ. ಮೂರ್ನಾಲ್ಕು ತಿಂಗಳಿಗೆ ಘಾಟು ಹೋಗಿ ಮಣ್ಣಿನ ವಾಸನೆ ಬರುತ್ತದೆ. ಅಲ್ಲಿಯವರೆಗೆ ಹೊಲಕ್ಕೆ ಒಯ್ಯುವುದಿಲ್ಲ.

ಫಲಿತಾಂಶ? ಜೋಳಕ್ಕೆ, ಸೊಪ್ಪಿಗೆ ಇದರಷ್ಟು ಒಪ್ಪುವ ಗೊಬ್ಬರ ನಾನು ನೋಡಿಲ್ಲ. ಟೊಮೆಟೊಗೆ ಕೈ ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಬರೀ ಎಲೆ, ಹೂವು ತಡ. ಬೀನ್ಸ್‌ಗೆ ಹೆಚ್ಚು ಹಾಕಿದರೆ ಸುಮ್ನೆ ದಂಡ, ಬೇಕಾದ ಸಾರಜನಕದ ಒಂದು ಪಾಲನ್ನು ಅದರ ಬೇರಿನ ಗಂಟುಗಳೇ ಮಾಡಿಕೊಳ್ಳುತ್ತವೆ.

ಮಣ್ಣಿನ ಬಗ್ಗೆ ಸ್ವಲ್ಪ ಎಚ್ಚರದಿಂದ ಹೇಳುತ್ತೇನೆ. ಮೊದಲು ಮಳೆ ನಿಂತ ಮೇಲೆ ಮೇಲ್ಮಣ್ಣು ಹೆಪ್ಪುಗಟ್ಟುತ್ತಿತ್ತು. ಈಗ ನೀರು ಇಂಗುತ್ತದೆ, ಗುದ್ದಲಿಗೆ ಎರೆಹುಳು ಸಿಗುತ್ತವೆ. ಆದರೆ ಅದರ ಶ್ರೇಯ ಕೋಳಿಗಷ್ಟೇ ಕೊಡಲಾರೆ. ನಾನು ಬೆರೆಸಿದ ಹುಲ್ಲು, ಎಲೆಯ ಪಾಲೂ ಇದೆ. ಒಂದು ಹಂಗಾಮು ಗುಳಿಗೆ ರೂಪದ ಕೋಳಿ ಗೊಬ್ಬರ ಹಾಕಿ ನೋಡಿದೆ. ನಾತ ಕಡಿಮೆ, ಹರಡುವುದು ಸುಲಭ, ಬೆಳೆಯೂ ಚೆನ್ನಾಗಿತ್ತು. ಮಣ್ಣು ಮಾತ್ರ ಹಾಗೇ ಇತ್ತು.

ದೂರುಗಳಲ್ಲಿ ನೊಣ, ನಾತ ಎಲ್ಲರಿಗೂ ಗೊತ್ತಿರುವುದೇ. ರಾಶಿಗೆ ಟಾರ್ಪಾಲು ಹೊದೆಸಿದರೆ ಅರ್ಧ ಕಡಿಮೆ, ಮಳೆಗೆ ಸತ್ವ ಕೊಚ್ಚಿ ಹೋಗುವುದೂ ತಪ್ಪುತ್ತದೆ. ನನಗೆ ತಡವಾಗಿ ತಿಳಿದದ್ದು ರಂಜಕದ ವಿಷಯ. ಸಾರಜನಕಕ್ಕೆ ಸರಿಯಾಗಲಿ ಅಂತ ವರ್ಷವೂ ಹಾಕುತ್ತಾ ಹೋದರೆ, ಬೆಳೆಗೆ ಬೇಕಾದ್ದಕ್ಕಿಂತ ಬಹಳ ರಂಜಕ ಹಾಕಿದಂತಾಗುತ್ತದೆ. ಅದು ಸಾರಜನಕದ ಹಾಗೆ ಬೇಗ ಕಳೆದುಹೋಗುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ಐದನೇ ವರ್ಷ ಮಣ್ಣು ಪರೀಕ್ಷೆ ಮಾಡಿಸಿದಾಗ ರಂಜಕದ ಮುಂದೆ 'ಅಧಿಕ' ಅಂತ ಬಂದಿತ್ತು. ಅತಿಯಾದರೆ ಗಿಡಕ್ಕೆ ಸತು ದಕ್ಕುವುದು ಕಷ್ಟ. ಈ ಪರೀಕ್ಷೆಯನ್ನು ಎರಡನೇ ವರ್ಷವೇ ಮಾಡಿಸಬೇಕಿತ್ತು.

ತರುವ ಮುಂಚೆ ಮೊಟ್ಟೆ ಕೋಳಿಯದ್ದೋ ಮಾಂಸದ ಕೋಳಿಯದ್ದೋ ಕೇಳಿ. ಮೊಟ್ಟೆ ಕೋಳಿಯದ್ದರಲ್ಲಿ ಸುಣ್ಣದಂಶ ಜಾಸ್ತಿ. ಹುಳಿ ಮಣ್ಣಿಗೆ ಒಳ್ಳೆಯದು, ಮೊದಲೇ ಸುಣ್ಣವಿರುವ ನೆಲಕ್ಕೆ ಬೇಡ. ಮಾಂಸದ ಕೋಳಿಯದ್ದರಲ್ಲಿ ನೆಲಕ್ಕೆ ಹಾಸಿದ ಹೊಟ್ಟು ಬೆರೆತಿರುತ್ತದೆ, ಕೊಳೆಸುವುದು ಸ್ವಲ್ಪ ಸುಲಭ. ಹಸಿಯದ್ದನ್ನೇ ಹಾಕುತ್ತೇನೆ ಅನ್ನುವವರು ಸೊಪ್ಪು, ಮೂಲಂಗಿಯಂಥ ಮಣ್ಣಿಗೆ ತಾಗುವ ಬೆಳೆಗೆ ಕೊಯ್ಲಿಗೆ 120 ದಿನವಾದರೂ ಮುಂಚೆ ಹಾಕಿ ಮುಗಿಸಿ.

ಈ ವರ್ಷ ಅರ್ಧ ಜಾಗಕ್ಕೆ ಕೋಳಿ ಗೊಬ್ಬರ ನಿಲ್ಲಿಸಿದ್ದೇನೆ. ಅಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿದ್ದಾಗಿದೆ. ಉಳಿದರ್ಧಕ್ಕೆ ಮೊದಲು ಹಾಕುತ್ತಿದ್ದರ ಮೂರನೇ ಒಂದು ಪಾಲು ಸಾಕು.